ಸೂತ್ರಬದ್ಧ ಕಾದಂಬರಿ ಮತ್ತು ಚಲನಚಿತ್ರ: ‘ಅಂತ’ದಿಂದ ಭೀಮಾತೀರದವರೆಗೆ

ರೋಚಕ ಕಾದಂಬರಿಗಳನ್ನು ‘ಸೂತ್ರಬದ್ಧ’ ಎಂದು ಕರೆದು ಬದಿಗಿರಿಸುವುದು ಕನ್ನಡ ವಿಮರ್ಶೆಯಲ್ಲಿ ರೂಢಿಯಾಗಿದೆ. ಜಾನಪದ ಅಧ್ಯಯನಕ್ಕೆ ಸೂತ್ರವೆಂಬುದು ನಿಂದೆಯ ಮಾತಲ್ಲ. ವ್ಲಾದಿಮಿರ್ ಪ್ರಾಪ್ 1928ರಲ್ಲಿ ರಷ್ಯದ ಕಿನ್ನರ ಕಥೆಗಳಲ್ಲಿ 31 ಕ್ರಿಯಾಘಟಕಗಳನ್ನು ಗುರುತಿಸಿದರು. ಆಲ್ಬರ್ಟ್ ಲಾರ್ಡ್ 1960ರಲ್ಲಿ ಮೌಖಿಕ ಮಹಾಕಾವ್ಯದ ಸೂತ್ರಗಳನ್ನು ವಿವರಿಸಿದರು. ಪುನರಾವರ್ತನೆಯೇ ಕಥನದ ಜೀವಾಳವೆಂಬುದು ಇವರಿಂದ ಸ್ಪಷ್ಟವಾಯಿತು. ಆದ್ದರಿಂದ ಕಾದಂಬರಿಯೊಂದು ಚಲನಚಿತ್ರವಾದಾಗ ಅದು ಮೂಲಕ್ಕೆ ಎಷ್ಟು ನಿಷ್ಠವಾಗಿದೆ ಎಂಬುದಕ್ಕಿಂತ, ಸೂತ್ರವು ಹೊಸ ಮಾಧ್ಯಮದಲ್ಲಿ ಯಾವ ಆಸರೆಯ ಮೇಲೆ ನಿಲ್ಲುತ್ತದೆ ಎಂಬುದು ಮುಖ್ಯ ಪ್ರಶ್ನೆ.

ಎಚ್.ಕೆ. ಅನಂತರಾವ್ ಅವರ ‘ಅಂತ’ವು ‘ಸುಧಾ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ. ಎಸ್.ವಿ. ರಾಜೇಂದ್ರಸಿಂಗ್ ಬಾಬು 1981ರಲ್ಲಿ ಅದನ್ನು ತೆರೆಗೆ ತಂದರು. ಅದೇ ವರ್ಷ ‘ಮೇರಿ ಆವಾಜ್ ಸುನೋ’ ಎಂದು ಹಿಂದಿಯಲ್ಲಿಯೂ ನಿರ್ದೇಶಿಸಿದರು. ಪೊಲೀಸ್ ಅಧಿಕಾರಿಯೊಬ್ಬ ತನ್ನನ್ನೇ ಹೋಲುವ ಪಾತಕಿಯ ವೇಷದಲ್ಲಿ ವೈರಿಗಳ ಕೂಟವನ್ನು ಹೊಗುವುದು ಇದರ ತಿರುಳು. ಗುರುತು ಮರೆಸಿಕೊಂಡು ಬರುವ ನಾಯಕ ಪ್ರಾಪ್‌ನ ಪಟ್ಟಿಯಲ್ಲಿಯೂ ಇದ್ದಾನೆ, ನಮ್ಮ ಅಜ್ಜಿಕಥೆಗಳಲ್ಲಿಯೂ ಇದ್ದಾನೆ.

ಧಾರಾವಾಹಿಯ ಓದುಗನನ್ನು ಹಿಡಿದಿಡುವುದು ವಾರದ ಬಿಡುವು. ಗುಟ್ಟು ಬಯಲಾಗುವುದೇ ಎಂಬ ಆತಂಕವನ್ನು ಆತ ಮುಂದಿನ ಸಂಚಿಕೆಯವರೆಗೆ ಹೊತ್ತು ತಿರುಗಬೇಕು. ಚಿತ್ರದಲ್ಲಿ ಆ ಬಿಡುವಿಲ್ಲ. ಅಲ್ಲಿ ಇಬ್ಬರೂ ಅಂಬರೀಶ್ ಅವರೇ. ನೋಡುಗನಿಗೆ ಯಾರು ಯಾರೆಂಬುದು ಮೊದಲೇ ತಿಳಿದಿದೆ. ಕುತೂಹಲವು ನಡಿಗೆಗೆ, ದನಿಗೆ, ನಗೆಗೆ ವರ್ಗವಾಗುತ್ತದೆ. ತನ್ನನ್ನು ಅರ್ಧ ಹೆಸರಿನಿಂದಲ್ಲ, ‘ಕನ್ವರ್‌ಲಾಲ್’ ಎಂದು ಪೂರ್ತಿಯಾಗಿ ಕರೆಯಬೇಕೆಂಬ ಪಾತ್ರದ ಹಿಂದಿ ಮಾತು ಕಥೆಯಿಂದ ಕಳಚಿಕೊಂಡು ಜನರ ಬಾಯಲ್ಲಿ ನಾಣ್ಣುಡಿಯಂತೆ ಉಳಿಯಿತು. ದಖನಿ ಕಿವಿಗೆ ಬೀಳುವ ಕಲಬುರಗಿ ಸೀಮೆಯಲ್ಲಿ ಅದಕ್ಕೆ ಅನುವಾದವೂ ಬೇಕಿರಲಿಲ್ಲ.

ಇದು ಉತ್ತರ ಕರ್ನಾಟಕದ ಸಣ್ಣಾಟದ ಪ್ರೇಕ್ಷಕರಿಗೆ ಹೊಸದಲ್ಲ. ‘ಸಂಗ್ಯಾ ಬಾಳ್ಯಾ’ದಲ್ಲಿ ಗೆಳೆಯನೇ ದ್ರೋಹ ಬಗೆಯುವನೆಂಬುದು, ಸಂಗ್ಯಾ ಕೊಲೆಯಾಗುವನೆಂಬುದು ಎಲ್ಲರಿಗೂ ಗೊತ್ತು. ಆದರೂ ಜನ ಬೆಳಗಿನವರೆಗೆ ಕೂರುತ್ತಾರೆ. ಅವರು ಕಾಯುವುದು ಅಂತ್ಯಕ್ಕಲ್ಲ, ಅಲ್ಲಿಗೆ ತಲಪುವ ಹಾಡಿಗೆ, ಮಾತಿಗೆ. ತಾರೆಯನ್ನು ನೆಚ್ಚಿದ ಚಿತ್ರ ಈ ಅರ್ಥದಲ್ಲಿ ಕಾದಂಬರಿಗಿಂತ ಆಟಕ್ಕೇ ಹತ್ತಿರ.

ಸೂತ್ರವು ಕಲ್ಪಿತ ಪಾತ್ರಕ್ಕೆ ಅಂಟಿದರೆ ಹಾನಿಯಿಲ್ಲ. ನೆಲಕ್ಕೆ ಅಂಟಿದಾಗ ಸಂಗತಿ ಬೇರೆ. ರವಿ ಬೆಳಗೆರೆಯವರ ‘ಭೀಮಾ ತೀರದ ಹಂತಕರು’ ಕಾದಂಬರಿಯಲ್ಲ, ಅಪರಾಧ ಬರವಣಿಗೆ. ಓಂಪ್ರಕಾಶ್ ರಾವ್ ನಿರ್ದೇಶನದ ‘ಭೀಮಾ ತೀರದಲ್ಲಿ’ (2012) ಅದೇ ತೀರದ ಬದುಕೊಂದನ್ನು ಆಧರಿಸಿದ ಚಿತ್ರ. ಎರಡೂ ಒಂದೇ ನದಿಯ ಹೆಸರನ್ನು ಹೊತ್ತಿವೆ. ಬರವಣಿಗೆಗೆ ಊರು, ಕಾಲ, ಕಾರಣಗಳ ಹಂಗಿದೆ. ಚಿತ್ರಕ್ಕೆ ಅನ್ಯಾಯಕ್ಕೊಳಗಾಗಿ ಆಯುಧ ಹಿಡಿಯುವ ಪರಿಚಿತ ನಾಯಕನೊಬ್ಬ ಸಾಕು. ಜಮೀನು, ಜಾತಿ, ಬರಗಾಲಗಳ ತೊಡಕು ಅಲ್ಲಿ ಹಿನ್ನೆಲೆಯ ಧೂಳಾಗುತ್ತದೆ. ಹೀಗೆ ‘ಭೀಮಾತೀರ’ವು ಸ್ಥಳನಾಮದಿಂದ ಜಾರಿ ಕೊಲೆಗೆ ಹತ್ತಿದ ವಿಶೇಷಣವಾಯಿತು.

ಅಫಜಲಪುರ ತಾಲೂಕಿನ ಕರಜಗಿಯಂಥ ಗಡಿಯೂರುಗಳು ಕೇಳದೆಯೇ ಈ ವಿಶೇಷಣದ ವ್ಯಾಪ್ತಿಗೆ ಬಂದವು. ದತ್ತಕ್ಷೇತ್ರವಾದ ಗಾಣಗಾಪುರ ಇದೇ ತಾಲೂಕಿನಲ್ಲಿದೆ. ಅಮರ್ಜೆ ಭೀಮೆಯನ್ನು ಕೂಡುವುದು ಅಲ್ಲಿಯೇ. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿಯೊಡನೆ ಹಾಡುವವರೂ ಈ ಸೀಮೆಯವರೇ. ಇವರನ್ನು ಒಳಗೊಳ್ಳುವ ಸೂತ್ರವನ್ನು ರೋಚಕ ಕಥನ ಇನ್ನೂ ಕಟ್ಟಿಕೊಂಡಿಲ್ಲ.