ಮಾರ್ಚ್ ಮೂರರ ಗಲಾಟೆ, ಮಾರ್ಚ್ ನಾಲ್ಕರ ಕಪ್

2023ರ ಮಾರ್ಚ್ 3, ಶುಕ್ರವಾರ ರಾತ್ರಿ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಐಎಸ್‌ಎಲ್ ಫುಟ್‌ಬಾಲ್ ಲೀಗಿನ ನಾಕೌಟ್ ಪಂದ್ಯ. ನಿಗದಿತ 90 ನಿಮಿಷದಲ್ಲಿ ಬೆಂಗಳೂರು ಎಫ್‌ಸಿಯೂ ಗೋಲು ಹೊಡೆದಿಲ್ಲ, ಕೇರಳ ಬ್ಲಾಸ್ಟರ್ಸೂ ಹೊಡೆದಿಲ್ಲ. ಹೆಚ್ಚುವರಿ ಅವಧಿ ಶುರುವಾಗಿ ಸ್ವಲ್ಪ ಹೊತ್ತಿಗೆ ಬೆಂಗಳೂರಿಗೊಂದು ಫ್ರೀಕಿಕ್ ಸಿಕ್ಕಿತು. ಕೇರಳದ ಆಟಗಾರರು ಗೋಡೆ ಕಟ್ಟಿ ನಿಲ್ಲುವ ಮೊದಲೇ ಸುನಿಲ್ ಚೆಟ್ರಿ ಚೆಂಡನ್ನು ಬಲೆಗೆ ಸೇರಿಸಿಬಿಟ್ಟರು. ರೆಫರಿ ಗೋಲು ಎಂದರು. ಕೇರಳದ ಕೋಚ್ ಇವಾನ್ ವುಕೊಮಾನೊವಿಚ್ ಇಡೀ ತಂಡವನ್ನೇ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಪಂದ್ಯ ಅಲ್ಲಿಗೇ ನಿಂತಿತು.

ನಿಯಮ ಏನು ಹೇಳುತ್ತದೆ? ಪ್ರತಿ ಫ್ರೀಕಿಕ್‌ಗೂ ರೆಫರಿ ಸೀಟಿ ಊದಲೇಬೇಕೆಂದಿಲ್ಲ. ಎದುರಾಳಿಗಳನ್ನು ಹತ್ತು ಗಜ ದೂರ ನಿಲ್ಲಿಸಿ ಎಂದು ಕೇಳದೆ ತಕ್ಷಣ ಒದೆಯುವ ಅವಕಾಶ ಹೊಡೆಯುವ ತಂಡಕ್ಕೆ ಉಂಟು. ರೆಫರಿಯೇ ನಡುವೆ ಬಂದು ಗೋಡೆಯ ದೂರ ಅಳೆಯತೊಡಗಿದರೆ ಸೀಟಿಗೆ ಕಾಯಬೇಕು. ಜಗಳವೆಲ್ಲ ಆ ರಾತ್ರಿ ಇವೆರಡರಲ್ಲಿ ಯಾವುದಾಗಿತ್ತು ಎಂಬುದರ ಮೇಲೆ. ಬೆಂಗಳೂರು ಗೆದ್ದಿತೆಂಬ ಫಲಿತಾಂಶವಂತೂ ಬದಲಾಗಲಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೇರಳ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ 10 ಪಂದ್ಯಗಳ ನಿಷೇಧ ವಿಧಿಸಿತು. ವಾರಗಟ್ಟಲೆ ಮೊಬೈಲಿನಲ್ಲಿ ಇದೇ ಚರ್ಚೆ.

ಮಾರನೆಯ ದಿನ ನಡೆದದ್ದು ಎಷ್ಟು ಜನರಿಗೆ ನೆನಪಿದೆ? ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ರಾಜ್ಯಗಳ ನಡುವಿನ ಈ ಚಾಂಪಿಯನ್‌ಷಿಪ್ ಶುರುವಾದದ್ದು 1941ರಲ್ಲಿ. ಅದರ ಕೊನೆಯ ಹಂತದ ಪಂದ್ಯಗಳು ದೇಶದ ಹೊರಗೆ ನಡೆದದ್ದು ಅದೇ ಮೊದಲು. ನಮ್ಮ ರಾಜ್ಯ ಹಿಂದಿನ ಸಲ ಈ ಕಪ್ ಎತ್ತಿದ್ದು 1968-69ರಲ್ಲಿ, ಅಂದರೆ 54 ವರ್ಷಗಳ ಹಿಂದೆ. ಆಗ ರಾಜ್ಯದ ಹೆಸರು ಮೈಸೂರು. 1946-47, 1952-53, 1967-68, 1968-69ರ ನಾಲ್ಕೂ ಪ್ರಶಸ್ತಿಗಳು ಆ ಹೆಸರಿನಲ್ಲೇ ದಾಖಲಾಗಿವೆ. ‘ಕರ್ನಾಟಕ’ ಎಂಬ ಹೆಸರಿನಲ್ಲಿ ಬಂದ ಮೊದಲ ಸಂತೋಷ್ ಟ್ರೋಫಿ ರಿಯಾದಿನದ್ದು, ಅದೂ ನಾಮಕರಣಕ್ಕೆ 50 ವರ್ಷ ತುಂಬಿದ ವರ್ಷದಲ್ಲಿ.

ಫೈನಲ್ ಸಪ್ಪೆ ಪಂದ್ಯವೇನಲ್ಲ. ಆಟ ಶುರುವಾದ ಕೆಲವೇ ನಿಮಿಷಗಳಲ್ಲಿ ಸುನಿಲ್ ಕುಮಾರ್ ಗೋಲು ಹೊಡೆದರು. ಮೇಘಾಲಯ ಪೆನಾಲ್ಟಿಯಿಂದ ಸಮ ಮಾಡಿತು. ಬೇಕೆ ಓರಂ ಮತ್ತೆ ಮುನ್ನಡೆ ತಂದರು. ಮಧ್ಯಂತರಕ್ಕೆ ಇನ್ನೇನು ಸೀಟಿ ಬೀಳಬೇಕು ಎನ್ನುವಾಗ ರಾಬಿನ್ ಯಾದವ್ ಒದ್ದ ಫ್ರೀಕಿಕ್ ಬಲೆ ಸೇರಿತು. ದ್ವಿತೀಯಾರ್ಧದಲ್ಲಿ ಮೇಘಾಲಯ ಇನ್ನೊಂದು ಗೋಲು ತೀರಿಸಿದ ಮೇಲೆ ಕೊನೆಯ ಅರ್ಧ ಗಂಟೆ ಕರ್ನಾಟಕ ಆ ಒಂದು ಗೋಲಿನ ಅಂತರವನ್ನು ಉಳಿಸಿಕೊಂಡೇ ಆಡಬೇಕಾಯಿತು. ಒಂದು ಫ್ರೀಕಿಕ್ ದೇಶವೆಲ್ಲ ಗದ್ದಲ ಎಬ್ಬಿಸಿತು. ಮಾರನೆಯ ದಿನದ ಫ್ರೀಕಿಕ್ ರಾಜ್ಯಕ್ಕೆ ಕಪ್ ತಂದರೂ ಸದ್ದಾಗಲಿಲ್ಲ.

ಅದಕ್ಕೆ ಸುದ್ದಿಗಳಿಂದಲೇ ತುಂಬಿಹೋಗಿದ್ದ ಆ ವರ್ಷವೇ ಒಂದು ಕಾರಣ. ಯುರೋಪಿನ ಲೆಕ್ಕದಲ್ಲಿ ಫುಟ್‌ಬಾಲ್ ವರ್ಷ ಆಗಸ್ಟಿನಲ್ಲಿ ಶುರು. 2022ರ ಆಗಸ್ಟಿನಲ್ಲಿ ಭಾರತಕ್ಕೆ ಸಿಕ್ಕಿದ್ದು ಫಿಫಾದ ಅಮಾನತು. ಫೆಡರೇಷನ್ನಿನ ಆಡಳಿತವನ್ನು ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ ನೋಡಿಕೊಳ್ಳುತ್ತಿದ್ದುದು ಫಿಫಾ ದೃಷ್ಟಿಯಲ್ಲಿ ಹೊರಗಿನವರ ಹಸ್ತಕ್ಷೇಪ. ಸುಮಾರು ಹತ್ತು ದಿನಗಳಲ್ಲಿ ಅಮಾನತು ತೆರವಾಯಿತು, ಆದರೆ ಏಷ್ಯಾದ ಟೂರ್ನಿಗೆಂದು ಉಜ್ಬೇಕಿಸ್ತಾನಕ್ಕೆ ಹೋಗಿದ್ದ ಗೋಕುಲಂ ಕೇರಳದ ಹುಡುಗಿಯರು ಆಡದೆ ವಾಪಸು ಬರಬೇಕಾಯಿತು. ಯಾರದೋ ಕುರ್ಚಿ ಜಗಳಕ್ಕೆ ಅವರು ತೆತ್ತ ದಂಡ ಅದು.

ಸೆಪ್ಟೆಂಬರಿನಲ್ಲಿ ಬೆಂಗಳೂರು ಎಫ್‌ಸಿ ಕೋಲ್ಕತ್ತದಲ್ಲಿ ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿ ಮೊದಲ ಸಲ ಡ್ಯುರಾಂಡ್ ಕಪ್ ಗೆದ್ದಿತು. ಅಲ್ಲಿಯೂ ಆಟಕ್ಕಿಂತ ಹೆಚ್ಚು ಓಡಿದ್ದು, ಫೋಟೊಗೆ ನಿಂತ ರಾಜ್ಯಪಾಲರು ಕಪ್ ಗೆದ್ದ ನಾಯಕ ಚೆಟ್ರಿಯನ್ನೇ ಪಕ್ಕಕ್ಕೆ ಸರಿಸಿದ ವಿಡಿಯೊ!

ಆಮೇಲೆ ಕತಾರ್. ಬೇಸಗೆಯ ಬಿಸಿಲಿಗೆ ಹೆದರಿ ವಿಶ್ವಕಪ್ಪನ್ನು ನವೆಂಬರ್-ಡಿಸೆಂಬರಿಗೆ ತಳ್ಳಿದ್ದರು. ಜೂನ್-ಜುಲೈಯ ಜಡಿಮಳೆಯಲ್ಲಿ, ಕರೆಂಟು ಇದ್ದಾಗ ವಿಶ್ವಕಪ್ ನೋಡಿ ಅಭ್ಯಾಸವಿದ್ದ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯವರಿಗೆ ಈ ಸಲ ಬೇರೆಯದೇ ಪೈಪೋಟಿ. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮದ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವ ಕಾಲ ಅದೇ. ಮಧ್ಯರಾತ್ರಿ ಹನ್ನೆರಡೂವರೆಗೆ ಪಂದ್ಯ. ಅದೇ ಹೊತ್ತಿಗೆ ಬಯಲಿನಲ್ಲಿ ಚಂಡೆ. ಡಿಸೆಂಬರ್ 18ರ ಫೈನಲ್ ಮಾತ್ರ ಭಾನುವಾರ ರಾತ್ರಿ ಎಂಟೂವರೆಗೆ, ಊಟದ ಹೊತ್ತಿಗೇ ಬಂತು. ಎಂಬಾಪೆಯ ಮೂರು ಗೋಲು, ಮೆಸ್ಸಿಯ ಎರಡು, 3-3ರ ಮೇಲೆ ಪೆನಾಲ್ಟಿ ಶೂಟೌಟಿನಲ್ಲಿ ಅರ್ಜೆಂಟೀನಾಕ್ಕೆ 4-2ರ ಗೆಲುವು. ಹನ್ನೊಂದು ದಿನ ಕಳೆಯುವಾಗ ಪೆಲೆ ತೀರಿಕೊಂಡರು. ಹೊಸ ವರ್ಷಕ್ಕೆ ರೊನಾಲ್ಡೊ ರಿಯಾದಿನ ಅಲ್ ನಸ್ರ್ ಕ್ಲಬ್ಬು ಸೇರಿದರು. ಕರ್ನಾಟಕದ ಹುಡುಗರು ಕಪ್ ಎತ್ತಿದ ಊರಿನಲ್ಲಿ ಆಗ ಅವರೂ ಇದ್ದರು. ಲೋಕದ ಕಣ್ಣು ಯಾರ ಮೇಲಿತ್ತೆಂದು ಹೇಳಬೇಕಾಗಿಲ್ಲ.

ಬೆಂಗಳೂರು ಎಫ್‌ಸಿ ಐಎಸ್‌ಎಲ್ ಫೈನಲನ್ನು ಪೆನಾಲ್ಟಿಯಲ್ಲಿ ಮೋಹನ್ ಬಾಗಾನ್‌ಗೆ, ಏಪ್ರಿಲಿನ ಸೂಪರ್ ಕಪ್ ಫೈನಲನ್ನು ಒಡಿಶಾಕ್ಕೆ ಬಿಟ್ಟುಕೊಟ್ಟಿತು. ಜೂನಿನಲ್ಲಿ ಮ್ಯಾಂಚೆಸ್ಟರ್ ಸಿಟಿ ಇಂಟರ್ ಮಿಲಾನನ್ನು ಮಣಿಸಿ ಒಂದೇ ಋತುವಿನ ಮೂರನೇ ದೊಡ್ಡ ಕಪ್ ಎತ್ತಿತು. ಅದೇ ತಿಂಗಳು ಸ್ಯಾಫ್ ಚಾಂಪಿಯನ್‌ಷಿಪ್ ಕಂಠೀರವಕ್ಕೆ ಬಂತು. ಪಾಕಿಸ್ತಾನದ ವಿರುದ್ಧ ಭಾರತಕ್ಕೆ 4-0 ಗೆಲುವು, ಚೆಟ್ರಿಯ ಹ್ಯಾಟ್ರಿಕ್. ಜುಲೈ 4ರ ಫೈನಲಿನಲ್ಲಿ ಕುವೈತ್ ಜೊತೆ 1-1. ಶೂಟೌಟಿನಲ್ಲಿ ಬೆಂಗಳೂರು ಎಫ್‌ಸಿಯದೇ ಗೋಲಿ ಗುರುಪ್ರೀತ್ ಸಿಂಗ್ ಸಂಧು ಕೊನೆಯ ಒದೆತ ತಡೆದರು.

ಕರಾವಳಿಯ ನಮ್ಮ ಭಾಗದಲ್ಲಿ ಟೆನಿಸ್ ಬಾಲ್ ಕ್ರಿಕೆಟ್, ವಾಲಿಬಾಲ್, ಕಬಡ್ಡಿ ಎಂದರೆ ಫ್ಲಡ್‌ಲೈಟ್ ಹಾಕಿ ರಾತ್ರಿಯಿಡೀ ಕೂರುತ್ತಾರೆ. ಫುಟ್‌ಬಾಲ್ ಮಾತ್ರ ಇಷ್ಟೆಲ್ಲ ಆದ ಮೇಲೂ ಟಿವಿಯ ಆಟವಾಗಿಯೇ ಉಳಿದಿದೆ. ಮಳೆಯ ನೆಪ ಹೇಳುವ ಹಾಗಿಲ್ಲ, ಗೋವಾದಲ್ಲೂ ಕೇರಳದಲ್ಲೂ ಇದೇ ಮಳೆ. ರಾಜ್ಯ ತಂಡ ಎಂದರೆ ಬೆಂಗಳೂರಿನ ಕ್ಲಬ್ ಲೀಗುಗಳಿಂದ ಆರಿಸಿದ ತಂಡ ಎಂಬಂತಿರುವುದಕ್ಕೆ ಆಟ ಹೀಗೆ ಟಿವಿಯಲ್ಲೇ ಉಳಿದಿರುವುದೇ ಕಾರಣ. ಕುಂದಾಪುರದ ಗಾಂಧಿ ಮೈದಾನದಲ್ಲಿ ವರ್ಷವಿಡೀ ಟೂರ್ನಿ ನಡೆಸುವ ಯುವಕ ಮಂಡಲಗಳು ಒಂದು ವಾರವನ್ನಾದರೂ ಶಾಲಾ ಮಕ್ಕಳ ಫುಟ್‌ಬಾಲ್‌ಗೆ ಬಿಟ್ಟುಕೊಡಲಿ. ಎರಡು ಗೋಲುಕಂಬ, ಒಂದು ಚೆಂಡು ಹೊಂದಿಸುವುದು ಅವರಿಗೆ ದೊಡ್ಡ ಖರ್ಚಲ್ಲ.