ಮನೆಯ ಜಮಾಖರ್ಚೂ ಊರಿನ ಪುಸ್ತಕಭಂಡಾರವೂ

ಮನೆಯ ಲೆಕ್ಕ ಬರೆದಿಡುವ ಗೃಹಸ್ಥರು ರಾಗಿ, ಬೇಳೆ, ಎಣ್ಣೆ, ವಿದ್ಯುತ್ತು, ಮಕ್ಕಳ ಶಾಲೆಯ ಶುಲ್ಕ ಎಂದು ಬೇರೆ ಬೇರೆ ಕಲಮುಗಳನ್ನು ಹಾಕಿಕೊಳ್ಳುವುದು ವಾಡಿಕೆಯಷ್ಟೆ. ಓದಿಗಾಗಿ ಆಗುವ ವೆಚ್ಚಕ್ಕೆ ಪ್ರತ್ಯೇಕವಾದ ಕಲಮು ಬಹುಮಂದಿಯ ಲೆಕ್ಕದಲ್ಲಿ ಇರುವುದಿಲ್ಲ. ಅದು 'ಇತರೆ' ಎಂಬ ತಲೆಬರಹದ ಕೆಳಗೆ ಎಲ್ಲಿಯೋ ಅಡಗಿರುತ್ತದೆ. ಕೈ ಬಿಗಿಯಾದ ತಿಂಗಳಲ್ಲಿ ಎಲ್ಲಕ್ಕೂ ಮೊದಲು ಗೀಟು ಎಳೆಸಿಕೊಳ್ಳುವುದೂ ಅದೇ. ಟೊಮೇಟೊ ಹಣ್ಣಿನ ಧಾರಣೆ ಬಿದ್ದ ವರ್ಷ ಪತ್ರಿಕೆ ನಿಲ್ಲುತ್ತದೆ. ಗೂಡಿನ ಬೆಲೆ ಇಳಿದಾಗ ಮಗಳಿಗೆ ಬೇಕಾಗಿದ್ದ ಪುಸ್ತಕ ಮುಂದಿನ ತಿಂಗಳಿಗೆ ಹೋಗುತ್ತದೆ, ಆ ಮುಂದಿನ ತಿಂಗಳು ಬರುವುದೇ ಇಲ್ಲ. ಈ ಕಲಮನ್ನು ಹೊಡೆದುಹಾಕದೆ, ಅದರ ಮೊತ್ತವನ್ನು ಮಾತ್ರ ಇಳಿಸುವ ಮಾರ್ಗವೊಂದುಂಟೆಂಬುದನ್ನು ಕೋಲಾರ ಸೀಮೆಯ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿಚಾರಮಾಡಲಿದ್ದೇವೆ.

ಪುಸ್ತಕಭಂಡಾರವೆಂದರೆ ಸರ್ಕಾರವು ಕರುಣೆಯಿಂದ ತೆರೆದ ಧರ್ಮಛತ್ರವೆಂದು ಎಷ್ಟೋ ಜನ ಭಾವಿಸಿದ್ದಾರೆ. ಛತ್ರದ ಊಟಕ್ಕೆ ಮಾನವಂತರು ಹಿಂದೆಗೆಯುವಂತೆ ಅದರ ಬಾಗಿಲಿಗೆ ಹೋಗಲೂ ಹಿಂದೆಗೆಯುತ್ತಾರೆ. ಇದು ತಪ್ಪು ಭಾವನೆ. ಹಿಂದೆ ಮೈಸೂರು ಸಂಸ್ಥಾನದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರವರೆಗಿನ ಕಾಲದಲ್ಲಿ, ಬೆಂಗಳೂರು ಮೈಸೂರುಗಳಲ್ಲಿ ಸಾರ್ವಜನಿಕ ಪುಸ್ತಕಭಂಡಾರಗಳು ಹುಟ್ಟಿದುವು. ಸಣ್ಣ ಊರುಗಳ ವಾಚನಾಲಯಗಳಾದರೋ ಮಹನೀಯರ ದಾನದಿಂದಲೂ ಚಂದಾಹಣದಿಂದಲೂ ಬದುಕಿದುವು. ದಾನಿಗಳ ಉತ್ಸಾಹ ಕುಗ್ಗಿದಾಗ ಬೀರುಗಳಿಗೆ ಬೀಗ ಬೀಳುತ್ತಿದ್ದಿತು. ಪುಸ್ತಕಭಂಡಾರವು ಕಾನೂನಿನ ಆಧಾರದ ಮೇಲೂ ಗೊತ್ತಾದ ಆದಾಯದ ಮೇಲೂ ನಿಲ್ಲಬೇಕೆಂದು ಎಸ್. ಆರ್. ರಂಗನಾಥನ್ ಅವರು ಬಹುಕಾಲ ವಾದಿಸಿದರು. 1948ರಲ್ಲಿ ಮದರಾಸು ಪ್ರಾಂತದಲ್ಲಿ ಅಂಥ ಶಾಸನವಾಯಿತು. ಮೈಸೂರು ರಾಜ್ಯದಲ್ಲಿ 1965ರಲ್ಲಿ ಆಯಿತು. ಅಂದಿನಿಂದ ಮನೆ ನಿವೇಶನಗಳ ತೆರಿಗೆಯೊಡನೆ ಗ್ರಂಥಾಲಯ ಕರವೆಂಬ ಒಂದು ಸಣ್ಣ ಮೊತ್ತವನ್ನೂ ವಸೂಲುಮಾಡುವ ಪದ್ಧತಿ ಏರ್ಪಟ್ಟಿದೆ. ತೆರಿಗೆಯ ರೂಪಾಯಿಗೆ ಮೂರು ಪೈಸೆಯಿದ್ದುದು ಬಳಿಕ ಆರು ಪೈಸೆಯಾಯಿತು. ಕಂದಾಯ ಕಟ್ಟಿದ ರಸೀತಿಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡುವವರಿಗೆ ಆ ಸಾಲು ಕಂಡೀತು. ಮನೆಯಲ್ಲಿ ಒಬ್ಬರೂ ಪುಸ್ತಕಭಂಡಾರದ ಮೆಟ್ಟಿಲು ಹತ್ತದಿದ್ದರೂ ಹಣ ಹೋಗಿಯೇ ಹೋಗುತ್ತದೆ. ಮುಂಗಡ ಕೊಟ್ಟ ಸಾಮಾನನ್ನು ಅಂಗಡಿಯಲ್ಲೇ ಬಿಟ್ಟು ಬರುವ ಜಾಣರು ನಾವು!

ಒಂದು ಲೆಕ್ಕವನ್ನೇ ಹಾಕಿ ನೋಡೋಣ. ಕೋಲಾರ ಪಟ್ಟಣದಲ್ಲಿ ವರ್ಷಕ್ಕೆ 2,000 ರೂಪಾಯಿ ತೆರಿಗೆ ಕಟ್ಟುವ ಒಂದು ಮನೆಯಿದೆಯೆಂದು ಎಣಿಸಿಕೊಳ್ಳೋಣ. ಅದರ ಗ್ರಂಥಾಲಯ ಕರ 120 ರೂಪಾಯಿ. ಆ ಮನೆಯವರು ದಿನಕ್ಕೆ 6 ರೂಪಾಯಿಯ ಒಂದು ಪತ್ರಿಕೆ ತರಿಸಿದರೆ ವರ್ಷಕ್ಕೆ 2,190 ರೂಪಾಯಿ; ವಾರಕ್ಕೆ 20 ರೂಪಾಯಿಯ ಒಂದು ವಾರಪತ್ರಿಕೆ ಕೊಂಡರೆ 1,040 ರೂಪಾಯಿ; ಸರ್ಕಾರಿ ಕೆಲಸದ ಪರೀಕ್ಷೆಗೆ ಕುಳಿತ ಮಗಳಿಗೆ ತಲಾ 400 ರೂಪಾಯಿಯ ಆರು ಕೈಪಿಡಿಗಳನ್ನು ತಂದರೆ 2,400 ರೂಪಾಯಿ. ಕೂಡಿದರೆ 5,630 ಆಯಿತು. ಹಳೆಯ ಪತ್ರಿಕೆಗಳನ್ನು ತೂಕಕ್ಕೆ ಹಾಕಿದಾಗ ಕೈಗೆ ಬರುವ ಚಿಲ್ಲರೆಯನ್ನು ಗೃಹಿಣಿಯ ಸ್ವಂತ ಹಣವೆಂದು ಬಿಟ್ಟುಬಿಡೋಣ. ಅದರಲ್ಲಿ ಕೈಹಾಕುವುದು ಕ್ಷೇಮವಲ್ಲ. ಬೇಕಾದುದರಲ್ಲಿ ಅರ್ಧ ಮಾತ್ರ ಪುಸ್ತಕಭಂಡಾರದಲ್ಲಿ ದೊರೆಯಿತೆಂದರೂ 2,800 ರೂಪಾಯಿಗೆ ಕಡಮೆಯಿಲ್ಲದೆ ಉಳಿಯುತ್ತದೆ. ಹೈನಿನ ಮೇಲೆ ಮನೆ ನಡೆಸುವವರು ಈ ಮೊತ್ತವನ್ನು ಎಷ್ಟು ಲೀಟರು ಹಾಲೆಂದು ತಾವೇ ಲೆಕ್ಕಹಾಕಿಕೊಳ್ಳಬಲ್ಲರು.

ಕೋಲಾರದವರಿಗೆ ಕೆರೆಯೆಂದರೇನೆಂದು ಯಾರೂ ಹೇಳಿಕೊಡಬೇಕಾದುದಿಲ್ಲ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ನಾಡು ಮಳೆಯ ನೀರನ್ನು ಕಟ್ಟೆ ಕಟ್ಟಿ ನಿಲ್ಲಿಸಿ ಬದುಕಿದ ನಾಡು. ಒಬ್ಬನ ಕೈಯಲ್ಲಿ ಆಗದುದನ್ನು ಊರು ಕೂಡಿ ಮಾಡಿತು. ನೀರುಗಂಟಿಯು ತೂಬನ್ನೆತ್ತಿ ಸರದಿಯ ಮೇಲೆ ಗದ್ದೆಗಳಿಗೆ ನೀರು ಬಿಟ್ಟನು. ಬಳಿಕ ಬಂದ ಕಾಲದಲ್ಲಿ ಪ್ರತಿಯೊಬ್ಬನೂ ತನ್ನ ಹೊಲದಲ್ಲಿ ತಾನೇ ಕೊಳವೆಬಾವಿ ಕೊರೆಯಿಸಲು ಹೊರಟನು. ನೀರು ಸಾವಿರ ಅಡಿಗೂ ಕೆಳಕ್ಕೆ ಸರಿಯಿತು. ಸಾಲ ಮಾತ್ರ ನೆಲದ ಮೇಲೆ ನಿಂತಿತು. ಪುಸ್ತಕಗಳ ವಿಷಯದಲ್ಲಿಯೂ ನಾವು ಈಗ ಮನೆಗೊಂದು ಕೊಳವೆಬಾವಿಯನ್ನು ಕೊರೆಯಿಸುತ್ತಿದ್ದೇವೆ. ಒಂದೇ ಬೀದಿಯ ನಾಲ್ಕು ಮನೆಗಳಲ್ಲಿ ನಾಲ್ಕು ಮಕ್ಕಳು ಒಂದೇ ಪರೀಕ್ಷೆಗೆ ಒಂದೇ ಕೈಪಿಡಿಯ ನಾಲ್ಕು ಪ್ರತಿಗಳನ್ನು ಕೊಂಡಿರುತ್ತಾರೆ. ಪರೀಕ್ಷೆ ಮುಗಿದ ಮೇಲೆ ನಾಲ್ಕೂ ಅಟ್ಟ ಸೇರುತ್ತವೆ. ಮರುವರ್ಷ ಹೊಸ ಆವೃತ್ತಿ ಬಂದಿರುತ್ತದೆ.

ಇಂದು ರಾಜ್ಯದ ಯಾವ ಪಟ್ಟಣದ ಗ್ರಂಥಾಲಯಕ್ಕೆ ಹೋದರೂ ಬೆಳಗ್ಗೆಯೇ ಬಂದು ಮೇಜು ಹಿಡಿದಿರುವ ಯುವಕ ಯುವತಿಯರನ್ನು ಕಾಣಬಹುದು. ಅವರು ಬರುವುದು ಪುಸ್ತಕಕ್ಕಾಗಿ ಮಾತ್ರವಲ್ಲ. ಎರಡು ಕೋಣೆಯ ಮನೆಯಲ್ಲಿ ದೂರದರ್ಶನದ ಗದ್ದಲ, ಅಜ್ಜಿಯ ಕೆಮ್ಮು, ರೇಷ್ಮೆಹುಳುವಿನ ತಟ್ಟೆಗಳ ನಡುವೆ ಸಿಕ್ಕದ ಒಂದು ಕುರ್ಚಿ, ಒಂದು ದೀಪ, ಮೂರು ಗಂಟೆಯ ನಿಶ್ಶಬ್ದ ಅಲ್ಲಿ ಬಾಡಿಗೆಯಿಲ್ಲದೆ ಸಿಕ್ಕುತ್ತವೆ. ತರಬೇತಿಗೆಂದು ಬೆಂಗಳೂರಿನಲ್ಲಿ ಕೊಠಡಿ ಹಿಡಿದು ಇರಲು ತಗಲುವ ಹಣದ ಮುಂದೆ ನಾವು ಮೇಲೆ ಹಾಕಿದ ಲೆಕ್ಕ ಏನೂ ಅಲ್ಲ. ಆ ಹಣ ಹೊಂದಿಸಲಾರದ ಮನೆಯಲ್ಲಿ ಮಗನನ್ನು ಕಳುಹಿಸಿ ಮಗಳನ್ನು ನಿಲ್ಲಿಸುವುದು ಎಲ್ಲರೂ ಬಲ್ಲ ಸಂಗತಿ. ಊರಿನಲ್ಲೇ ಒಂದು ಮೇಜು ಸಿಕ್ಕಿದರೆ ಆ ಆಯ್ಕೆಯನ್ನು ಮಾಡಬೇಕಾದ ಪ್ರಸಂಗವೇ ಬಾರದಿರಬಹುದು. ಉಳಿತಾಯವೆಂಬ ಮಾತಿಗೆ ಇಲ್ಲಿ ಹಣಕ್ಕಿಂತ ಹೆಚ್ಚಿನ ಅರ್ಥವಿದೆಯೆಂದು ನಮಗೆ ತೋರುತ್ತದೆ.

ಹಳ್ಳಿಯವರು ಇದೆಲ್ಲ ಪಟ್ಟಣದವರ ಮಾತೆನ್ನಬಹುದು. ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವಶಕ್ಕೆ ಬಂದುವು. 2020ರಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮದಲ್ಲಿ ಮಕ್ಕಳನ್ನು ಶುಲ್ಕವಿಲ್ಲದೆ ಅವುಗಳ ಸದಸ್ಯರನ್ನಾಗಿ ಮಾಡಿಕೊಳ್ಳಲು ಮೊದಲಿಟ್ಟರು. ಮಾಲೂರಿನಲ್ಲಾಗಲಿ ಶ್ರೀನಿವಾಸಪುರದಲ್ಲಾಗಲಿ ಒಂದು ಹಳ್ಳಿಯ ಮಗು ಬಸ್ಸಿನ ಛಾರ್ಜಿಲ್ಲದೆ ನಡೆದು ಹೋಗಿ ಪುಸ್ತಕ ತರಬಹುದಾದ ಸ್ಥಳವಿದು. ಪಟ್ಟಣದ ಗ್ರಂಥಾಲಯದಲ್ಲಿ ಕುಳಿತು ಓದುವುದಕ್ಕೆ ಹಣ ಕೊಡಬೇಕಾದುದಿಲ್ಲ. ಪುಸ್ತಕವನ್ನು ಮನೆಗೆ ಒಯ್ಯಬೇಕಾದರೆ ಸ್ವಲ್ಪ ಠೇವಣಿಯಿಟ್ಟು ಸದಸ್ಯರಾಗಬೇಕು. ಠೇವಣಿಯು ಸದಸ್ಯತ್ವ ಬಿಟ್ಟಾಗ ಹಿಂದಕ್ಕೆ ಬರತಕ್ಕದ್ದು. ಆದಕಾರಣ ಅದನ್ನು ಖರ್ಚಿನ ಕಡೆಗೆ ಬರೆಯಬಾರದು. ಸರ್ಕಾರಿ ಗ್ರಂಥಾಲಯಗಳಿಗೆ ಬಹುಮಟ್ಟಿಗೆ ಸೋಮವಾರ ರಜೆ, ಭಾನುವಾರ ಕೆಲಸ. ದಿನವೂ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗಿಬರುವವರಿಗೆ ಇದು ಅನುಕೂಲವೇ ಸರಿ.

ಎಲ್ಲ ಪುಸ್ತಕಗಳನ್ನೂ ಎರವಲು ತಂದೇ ಓದಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಬರೆದ ಸಣ್ಣಕತೆಗಳ ಸಂಪುಟಗಳು ಅನೇಕ. ಅವೆಲ್ಲವನ್ನೂ ಕೊಳ್ಳುವುದು ಸಾಮಾನ್ಯ ಸಂಸಾರಕ್ಕೆ ಭಾರ. ತಂದು ಓದಿ, ಮತ್ತೆ ಮತ್ತೆ ಬೇಕೆನ್ನಿಸಿದ ಒಂದೆರಡನ್ನು ಕೊಂಡರೆ ಸಾಕು. ಮುಳಬಾಗಿಲಿನಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರ 'ಮಂಕುತಿಮ್ಮನ ಕಗ್ಗ'ವಾದರೋ ಹದಿನೈದು ದಿನದ ಗಡುವಿನಲ್ಲಿ ಓದಿ ಮುಗಿಸುವ ಪುಸ್ತಕವಲ್ಲ. ಅದು, ಒಂದು ನಿಘಂಟು, ಮನೆಯವರಿಗೆ ಪ್ರಿಯವಾದ ಒಂದು ಪುರಾಣ, ಇವು ಮನೆಯಲ್ಲೇ ಇರಬೇಕು. ಹೀಗೆ ನೋಡಿ ಕೊಳ್ಳುವವರು ಮೋಸಹೋಗುವುದಿಲ್ಲ. ಲೇಖಕರ ಹೊಟ್ಟೆಯ ಮೇಲೆ ಹೊಡೆದಂತಾಗುವುದೆಂದು ಅಂಜಬೇಕಾದುದೂ ಇಲ್ಲ; ಗ್ರಂಥಾಲಯ ಇಲಾಖೆಯು ಕನ್ನಡ ಪುಸ್ತಕಗಳನ್ನು ಸಗಟಾಗಿ ಕೊಳ್ಳುವ ಪದ್ಧತಿಯಿದೆ.

ಇನ್ನು ಕೊರತೆಗಳನ್ನು ಮುಚ್ಚಿಡುವುದು ಸರಿಯಲ್ಲ. ಕೇಳಿದ ಪುಸ್ತಕವಿರುವುದಿಲ್ಲ, ಇದ್ದರೆ ಹಾಳೆ ಹರಿದಿರುತ್ತದೆ, ಪರೀಕ್ಷೆಯ ಕೈಪಿಡಿ ಮೂರು ವರ್ಷ ಹಿಂದಿನದಾಗಿರುತ್ತದೆ. ಕೆಲವು ಕಡೆ ವಾಚನಾಲಯದ ಬೆಂಚುಗಳೆಲ್ಲ ಗಂಡಸರ ವಶವಾಗಿದ್ದು ಹೆಂಗಸರು ಬಾಗಿಲಿನಿಂದಲೇ ಹಿಂದಿರುಗುತ್ತಾರೆ. ಇವರಿಗೆ 2020ರಲ್ಲಿ ರಾಜ್ಯದಲ್ಲಿ ಆರಂಭವಾದ ಡಿಜಿಟಲ್ ಗ್ರಂಥಾಲಯವು ಸ್ವಲ್ಪ ನೆರವಾಗಬಲ್ಲದು, ಆದರೆ ಮನೆಯ ಒಂದೇ ದೂರವಾಣಿಯು ಯಜಮಾನನ ಜೇಬಿನಲ್ಲಿರುವವರೆಗೆ ಅದೂ ದೂರವೇ. ಇದಕ್ಕೆ ನೇರವಾದ ಉಪಾಯ, ನಾಲ್ಕಾರು ಹೆಂಗಸರು ಒಟ್ಟಾಗಿ ಒಂದು ಗೊತ್ತಾದ ಹೊತ್ತಿಗೆ ಹೋಗಿ ಕುಳಿತುಬಿಡುವುದು. ಸ್ವಸಹಾಯ ಸಂಘದ ಸಭೆಗೆ ಹೋಗುವವರಿಗೆ ಇದೇನೂ ಹೊಸತಲ್ಲ.

ಪುಸ್ತಕವಿಲ್ಲದುದಕ್ಕೆ ಗ್ರಂಥಪಾಲಕರ ಮೇಲೆ ಸಿಟ್ಟಾಗುವುದು ಕೆರೆ ಬತ್ತಿದುದಕ್ಕೆ ನೀರುಗಂಟಿಯನ್ನು ಬೈದಂತೆ. ಕಾಲುವೆಯಲ್ಲಿ ಹೂಳು ಎಲ್ಲಿ ತುಂಬಿದೆಯೆಂದು ನೋಡಬೇಕು. ತೆರಿಗೆಯೊಡನೆ ವಸೂಲಾದ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಗಳಿಗೆ ಸಕಾಲದಲ್ಲಿ ಸಲ್ಲಿಸದೆ ಬಾಕಿ ಉಳಿಸಿಕೊಂಡ ಸುದ್ದಿಗಳು ರಾಜ್ಯದಲ್ಲಿ ಆಗಾಗ ಬಂದಿವೆ. ತಮ್ಮ ಊರಿನಲ್ಲಿ ಈ ವರ್ಷ ಎಷ್ಟು ಕರ ಬಂದಿತು, ಅದರಲ್ಲಿ ಎಷ್ಟು ಸಲ್ಲಿಕೆಯಾಯಿತು ಎಂದು 2005ರ ಮಾಹಿತಿ ಹಕ್ಕು ಶಾಸನದ ಪ್ರಕಾರ ಯಾವ ಗೃಹಸ್ಥನಾದರೂ ಕೇಳಬಹುದು. ಅರ್ಜಿಯ ಶುಲ್ಕ 10 ರೂಪಾಯಿ. ಅದನ್ನು ಮಾತ್ರ ಓದಿನ ಕಲಮಿನಲ್ಲೇ ಖರ್ಚು ಬರೆಯಿರಿ.