ವಿಸ್ಮರಣವೆಂಬ ಶಾಸನ: ಕಿಶೋರರ ದುರ್ಲೋಕಕಥೆಗಳೂ ರೇಣುಕೋಪಾಖ್ಯಾನವೂ

ಪಾಶ್ಚಾತ್ಯ ವಾಙ್ಮಯದಲ್ಲಿ ಕಿಶೋರವಯಸ್ಕರಿಗಾಗಿಯೇ ರಚಿತವಾಗುವ ಒಂದು ಕಥಾಪ್ರಕಾರವು ಕೆಲವು ದಶಕಗಳಿಂದೀಚೆಗೆ ಬಹಳವಾಗಿ ಬೆಳೆದಿರುತ್ತದೆ. ಅದಕ್ಕೆ ಡಿಸ್ಟೋಪಿಯಾ ಎಂದು ಹೆಸರು. ನಾವು ದುರ್ಲೋಕಕಥೆಯೆಂದು ಕರೆಯಬಹುದು. ಇದರ ಮುಖ್ಯಲಕ್ಷಣಗಳು ಎರಡು. ಸಮಾಜವು ವ್ಯಕ್ತಿಯ ಜೀವನವನ್ನು ಬಾಲ್ಯದಲ್ಲಿಯೇ ನಿಯಮಿಸಿಬಿಡುವುದು ಒಂದು. ಆ ನಿಯಮವು ಉಳಿಯುವುದಕ್ಕಾಗಿ ಮನೆಯೊಳಗೊಂದು ರಹಸ್ಯವು ರಕ್ಷಿಸಲ್ಪಡುವುದು ಮತ್ತೊಂದು.

ಅಮೇರಿಕದ ಲೋಯಿಸ್ ಲೌರಿ ಎಂಬ ಲೇಖಕಿಯು 1993ರಲ್ಲಿ ಪ್ರಕಟಿಸಿದ 'ದ ಗಿವರ್' ಎಂಬ ಕಾದಂಬರಿಯು ಇದಕ್ಕೆ ಉತ್ತಮ ನಿದರ್ಶನವಾಗಿದೆ. ಅಲ್ಲಿ ಹನ್ನೆರಡನೆಯ ವಯಸ್ಸಿನಲ್ಲಿ ಪ್ರತಿಯೊಬ್ಬ ಬಾಲಕನಿಗೂ ಬಾಲಕಿಗೂ ಹಿರಿಯರ ಮಂಡಲಿಯು ವೃತ್ತಿಯನ್ನು ಗೊತ್ತುಮಾಡುತ್ತದೆ. ಗತಕಾಲದ ಸ್ಮೃತಿಯೆಲ್ಲವನ್ನೂ ಒಬ್ಬನೇ ಹೊತ್ತಿರುತ್ತಾನೆ. ಉಳಿದವರಿಗೆ ಸ್ಮೃತಿಯೂ ಇಲ್ಲ, ಆದುದರಿಂದ ಪ್ರಶ್ನೆಯೂ ಇಲ್ಲ. ಆ ಸ್ಮೃತಿಗಳನ್ನು ಪಡೆಯಲು ನಿಯುಕ್ತನಾದ ಬಾಲಕನು, ಶಿಶುಗಳನ್ನು ಅಕ್ಕರೆಯಿಂದ ಸಾಕುವ ತನ್ನ ತಂದೆಯೇ 'ಬಿಡುಗಡೆ'ಯೆಂಬ ಸೌಮ್ಯವಾದ ಹೆಸರಿನಲ್ಲಿ ಶಿಶುವಧೆಯನ್ನು ಮಾಡುವನೆಂದು ಕಂಡುಕೊಳ್ಳುತ್ತಾನೆ. ಇಲ್ಲಿ ಕ್ರೌರ್ಯಕ್ಕಿಂತಲೂ ವಿಸ್ಮರಣವೇ ಶಾಸನದ ಬಲವೆಂಬುದು ಗಮನಾರ್ಹವು.

ಈ ತತ್ತ್ವವು ನಮ್ಮವರಿಗೆ ಹೊಸದಲ್ಲ. ಮಲಪ್ರಭೆಯ ದಡದ ಮನೋಳಿ ಸೀಮೆಯಲ್ಲಿ, ಸವದತ್ತಿಯ ಎಲ್ಲಮ್ಮನ ಗುಡ್ಡದ ಹೆಸರನ್ನು ಕೇಳದವರಿಲ್ಲ. ಎಲ್ಲಮ್ಮನೇ ರೇಣುಕೆಯೆಂಬುದು ಭಕ್ತರ ನಂಬುಗೆ. ಮಹಾಭಾರತದ ವನಪರ್ವದಲ್ಲಿ ಜಮದಗ್ನಿಯು ಪತ್ನಿಯನ್ನು ವಧಿಸಲು ಪುತ್ರರಿಗೆ ಆಜ್ಞಾಪಿಸುತ್ತಾನೆ. ಒಪ್ಪದಿದ್ದ ನಾಲ್ವರು ಶಾಪದಿಂದ ಚೇತನಾಶೂನ್ಯರಾಗುತ್ತಾರೆ. ಪರಶುರಾಮನು ಆಜ್ಞೆಯನ್ನು ನೆರವೇರಿಸುತ್ತಾನೆ. ಪ್ರಸನ್ನನಾದ ತಂದೆಯಿಂದ ಅವನು ಬೇಡುವ ವರಗಳಲ್ಲಿ ಎರಡನ್ನು ಇಲ್ಲಿ ವಿಚಾರಿಸಬೇಕು: ತಾಯಿಯು ಮರಳಿ ಬದುಕಬೇಕು, ಮತ್ತು ತನ್ನ ವಧೆಯು ಆಕೆಗೆ ನೆನಪಿರಬಾರದು. ಎರಡನೆಯ ವರವು ಪುತ್ರನ ಕರುಣೆಯೇ ಸರಿ. ಆದರೆ ಆ ಕರುಣೆಯಿಂದಲೇ, ನೊಂದವಳು ಆಜ್ಞೆಯನ್ನು ಪ್ರಶ್ನಿಸುವ ದಾರಿಯೂ ಮುಚ್ಚಿಹೋಗುತ್ತದೆ. ಮನೆಯ ರಹಸ್ಯವೂ ಮನೆಯ ಶಾಂತಿಯೂ ಒಂದೇ ಆಗುತ್ತವೆ. ಕವಿಯಾದರೋ ಶ್ರೋತೃಗಳಿಂದ ಏನನ್ನೂ ಮರೆಮಾಡಲಿಲ್ಲ; ತಾಯಿಯು ಮರೆತುದನ್ನು ಕಥೆಯು ನೆನಪಿಟ್ಟಿದೆ.

ಇದೇ ದೇವಿಯ ಹೆಸರಿನಲ್ಲಿ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ರೂಢಿಯು ಬಹುಕಾಲ ನಡೆಯಿತು. ಕೂದಲು ಜಡೆಗಟ್ಟಿದರೆ ದೇವಿಯ ಕರೆಯೆನ್ನುವರು. ರೋಗದಲ್ಲಿ ಹರಕೆ ಹೊರುವರು. ಗಂಡುಸಂತಾನವಿಲ್ಲದ ಬಡವರು ಮಗಳು ಮನೆಯಲ್ಲಿಯೇ ಉಳಿದು ತಮ್ಮನ್ನು ಸಲಹಲೆಂದು ಬಿಡುವರು. ಬಿಡಲ್ಪಟ್ಟವರಲ್ಲಿ ಹೆಚ್ಚಿನವರು ದಲಿತ ಕುಟುಂಬದವರು. ಮುತ್ತಿನ ಅರ್ಥವು ಬಾಲಕಿಗೆ ತಿಳಿಯುವಷ್ಟರಲ್ಲಿ ವಿವಾಹದ ದಾರಿಯು ಅವಳಿಗೆ ಮುಚ್ಚಿರುತ್ತಿತ್ತು. ಅವಳಿಗೆ ಹುಟ್ಟಿದ ಮಕ್ಕಳಿಗೆ ತಂದೆಯ ಹೆಸರು ಊರೆಲ್ಲ ಬಲ್ಲ, ಆದರೆ ಯಾರೂ ಉಚ್ಚರಿಸದ ಗುಟ್ಟಾಗುತ್ತಿತ್ತು. ಇದು ದೇವಿಯ ಭಕ್ತಿಯ ದೋಷವಲ್ಲ. ಭಕ್ತಿಯ ಮರೆಯಲ್ಲಿ ಬಲವುಳ್ಳವರು ಮಾಡಿಕೊಂಡ ಅನುಕೂಲವು.

ಮುಂಬಯಿ ಪ್ರಾಂತದ 1934ರ ಕಾಯಿದೆಯು ಇಂತಹ ಅರ್ಪಣೆಯನ್ನು ನಿಷೇಧಿಸಿ, ಹೀಗೆ ಬಿಡಲ್ಪಟ್ಟವಳ ವಿವಾಹವು ಅಸಿಂಧುವಲ್ಲವೆಂದು ಸಾರಿತು. ಕರ್ನಾಟಕದ 1982ರ ಕಾಯಿದೆಯು ಅರ್ಪಣೆಯಲ್ಲಿ ಭಾಗಿಗಳಾದ ಇತರರಿಗೆ 3 ವರ್ಷಗಳವರೆಗೆ ಸೆರೆಯನ್ನು ವಿಧಿಸಿದರೆ, ತಂದೆತಾಯಿ, ಪೋಷಕ ಅಥವಾ ಬಂಧುಗಳಿಗೆ 2ರಿಂದ 5 ವರ್ಷಗಳವರೆಗೆ ವಿಧಿಸಿತು. ನಿಯಮವು ಮನೆಯ ಹೊಸ್ತಿಲಲ್ಲಿಯೇ ನೆಲೆಸಿರುವುದನ್ನು ಶಾಸನಕಾರರು ಅರಿತಿದ್ದರೆಂದು ಇದರಿಂದ ವ್ಯಕ್ತವಾಗುತ್ತದೆ. ಆದರೆ ಬಡ ಮಾತಾಪಿತೃಗಳ ಮೇಲಿನ ಭಾರವಾದ ದಂಡವು ಗುಟ್ಟನ್ನು ಇನ್ನೂ ಆಳಕ್ಕೆ ನೂಕುವುದೂ ಉಂಟು. 2025ರಲ್ಲಿ ರಾಜ್ಯದ ವಿಧಾನಸಭೆಯು ಅಂಗೀಕರಿಸಿದ ಮಸೂದೆಯು ಮಕ್ಕಳಿಗೆ ತಂದೆಯನ್ನು ಗುರುತಿಸಿಕೊಳ್ಳುವ ಹಕ್ಕನ್ನು ಕೊಡಲು ಹೊರಟಿತು. ಅಂದರೆ ದಂಡದಿಂದ ಸ್ಮರಣದ ಕಡೆಗೆ ಹೆಜ್ಜೆಯಿಟ್ಟಿತು.

ಬಾಲ್ಯದಲ್ಲಿ ಮುತ್ತು ಕಟ್ಟಿಸಿಕೊಂಡ ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿಯವರು ಇತರ ಸ್ತ್ರೀಯರ ವಿಮೋಚನೆಗಾಗಿ ದುಡಿದು 2018ರಲ್ಲಿ ಪದ್ಮಶ್ರೀಯನ್ನು ಪಡೆದರು. ತಮ್ಮ ಕಥೆಯನ್ನು ತಾವೇ ಹೇಳಬಲ್ಲವರು ಹುಟ್ಟಿದಾಗ ದುರ್ಲೋಕವು ಕುಸಿಯತೊಡಗುತ್ತದೆ.

ಆದುದರಿಂದ ಇಂತಹ ಕಾದಂಬರಿಗಳನ್ನು ಮಕ್ಕಳ ಮನಸ್ಸು ಕೆಡಿಸುವವೆಂದು ಹಿರಿಯರು ತಳ್ಳಿಹಾಕುವುದು ಯುಕ್ತವಲ್ಲ. ನನಗಾಗಿ ಯಾರು ನಿರ್ಣಯಿಸಿದರು, ನನ್ನಿಂದ ಏನನ್ನು ಮರೆಸಿದರು ಎಂಬೆರಡು ಪ್ರಶ್ನೆಗಳನ್ನು ಅವು ಕಲಿಸುತ್ತವೆ. ಮನೆಯ ಹಿರಿಯರು ಉತ್ತರಿಸಲು ಸಿದ್ಧರಾಗಿರಬೇಕಾದ ಪ್ರಶ್ನೆಗಳು ಇವೇ.